ನೀರು ಹೋದ ದಾರಿಯಲ್ಲೇ ಜನರೂ

ವಲಸೆಯೆಂಬುದು ಗುಡ್ಡಗಾಡಿನ ಹಣೆಬರಹ, ನೀರಾವರಿಯ ಬಯಲಿನಲ್ಲಿ ಬದುಕು ಹಸನು ಎಂಬ ನಂಬಿಕೆ ಮಲೆನಾಡಿನಲ್ಲಿ ಬೇರೂರಿದೆ. ಜನಗಣತಿಯ ಅಂಕಿಗಳು ಬೇರೆಯದನ್ನೇ ಹೇಳುತ್ತವೆ. 2001ರಿಂದ 2011ರ ನಡುವೆ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ತುಸು ಕುಗ್ಗಿತು. ಕೊಡಗಿನದು ಶೇಕಡ 1ರಷ್ಟು ಮಾತ್ರ ಏರಿತು. ಕಾಲುವೆ, ಕಬ್ಬು, ಸಕ್ಕರೆ ಕಾರ್ಖಾನೆಗಳ ಮಂಡ್ಯ ಜಿಲ್ಲೆಯ ಏರಿಕೆಯೂ ಶೇಕಡ 2.4ನ್ನು ದಾಟಲಿಲ್ಲ. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆ ಶೇಕಡ 47ರಷ್ಟು ಬೆಳೆಯಿತು. ಜನನ ಪ್ರಮಾಣದ ಇಳಿಕೆಯೊಂದೇ ಇಷ್ಟು ಅಂತರವನ್ನು ವಿವರಿಸಲಾರದು.

ಮಂಡ್ಯದೊಳಗೂ ಬದುಕು ಒಂದೇ ಸಮನಾಗಿಲ್ಲ. ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ಕೊನೆಯಂಚಿನಲ್ಲಿ ಮದ್ದೂರು, ಮಳವಳ್ಳಿ ತಾಲ್ಲೂಕುಗಳಿವೆ. ಮಳೆ ಕೈಕೊಟ್ಟ ವರ್ಷ ಅಲ್ಲಿನ ಗದ್ದೆಗಳಿಗೆ ನೀರು ತಲುಪುವುದೇ ದುಸ್ತರ. ಆದರೆ ಮಳವಳ್ಳಿ ತಾಲ್ಲೂಕು ಇತರರಿಗೆ ಕೊಟ್ಟಿದ್ದು ಕಡಿಮೆಯಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಹೋಯಿತು. ತೊರೆಕಾಡನಹಳ್ಳಿಯಿಂದ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದ ರಾಜಧಾನಿಗೆ ಏರುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಐದನೆಯ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರ್ ಒಯ್ಯಲೆಂದು ರೂಪುಗೊಂಡದ್ದು. ಬೆಳಕೂ ನೀರೂ ಹೋದ ದಿಕ್ಕಿಗೇ ಯುವಜನರೂ ಹೊರಟಿದ್ದಾರೆ. ಬಳ್ಳಾರಿ ಮೊದಲಾದ ಕಡೆಗಳಿಂದ ಕೂಲಿಕಾರರು ಬಂದು ಕಬ್ಬು ಕಡಿಯುತ್ತಾರೆ. ಒಂದು ಸೀಮೆಯವರು ಬಿಟ್ಟ ದುಡಿಮೆಗೆ ಅದಕ್ಕಿಂತ ಬಡವಾದ ಸೀಮೆಯವರು ಕೈಹಚ್ಚುತ್ತಾರೆ.

ಊರಿನಲ್ಲೇ ಉಳಿದವರ ಪಾಡೇನು? 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆಮಹದೇಶ್ವರ ಬೆಟ್ಟಕ್ಕೆ ಅವಿವಾಹಿತ ಯುವಕರು ಪಾದಯಾತ್ರೆ ಹೋದರು. ಬೇಸಾಯಗಾರನಿಗೆ ಹೆಣ್ಣು ಸಿಗದೆಂಬುದು ಅವರ ಅಳಲು. ಇದನ್ನು ಕಂಡು ನಕ್ಕವರಿದ್ದಾರೆ. ಹೆಣ್ಣುಮಕ್ಕಳನ್ನು ದೂರಿದವರೂ ಇದ್ದಾರೆ. ಮುಂಜಾನೆಯಿಂದ ರಾತ್ರಿಯವರೆಗೆ ದುಡಿದೂ ಒಂದು ಗುಂಟೆ ಭೂಮಿ ತಮ್ಮ ಹೆಸರಿನಲ್ಲಿಲ್ಲದ ತಾಯಂದಿರನ್ನು ನೋಡುತ್ತ ಬೆಳೆದ ಹೆಣ್ಣುಮಕ್ಕಳ ತೀರ್ಪು ಅದು ಎಂಬುದನ್ನು ಮನಗಂಡವರು ವಿರಳ.

ಅಡಿಕೆ, ಕಾಫಿಯ ಸೀಮೆಯಲ್ಲಿಯೂ ಇದೇ ಅಳಲು ಕೇಳಿಬರುತ್ತಿದೆ. ಅಣೆಕಟ್ಟೋ ಹೆದ್ದಾರಿಯೋ ಬರುವಾಗಲೆಲ್ಲ 'ಮಕ್ಕಳು ಊರಿನಲ್ಲೇ ನಿಲ್ಲುತ್ತಾರೆ' ಎಂಬ ಆಶ್ವಾಸನೆ ಗುಡ್ಡದ ಹಳ್ಳಿಗಳಿಗೆ ದೊರೆಯುತ್ತದೆ. ಎರಡನ್ನೂ ಪಡೆದ ಮಂಡ್ಯ ಆ ಮಾತನ್ನು ಸುಳ್ಳಾಗಿಸಿದೆ. ಬೆಳೆಗೆ ನ್ಯಾಯದ ಬೆಲೆ, ಹತ್ತಿರದಲ್ಲೊಂದು ಆಸ್ಪತ್ರೆ, ಮುಚ್ಚದ ಶಾಲೆ, ಹೆಣ್ಣಿಗೂ ಭೂಮಿಯಲ್ಲಿ ಪಾಲು: ಜನರನ್ನು ಊರಿನಲ್ಲಿ ನಿಲ್ಲಿಸುವುದು ಇವು. ಕಾವೇರಿಯ ಮೇಲ್ಭಾಗದವರೂ ಕೊನೆಯಂಚಿನವರೂ ಗ್ರಾಮಸಭೆಗಳಲ್ಲಿ ಮೊದಲು ಕೇಳಬೇಕಾದುದು ಇವನ್ನೇ.