ಬೀಜದ ಚೀಲಕ್ಕಿರೋ ಚೀಟಿ ಟೀವಿ ಡಬ್ಬಕ್ಕೆ ಯಾಕಿಲ್ಲ?

ಹೂವಿನಹಡಗಲಿಯಲ್ಲೋ ಕೊಟ್ಟೂರಲ್ಲೋ ಒಂದು ಟೀವಿ ಅಂಗಡಿಗೆ ಹೋಗಿ, ಗೋಡೆ ತುಂಬಾ ಮಿಂಚ್ತಾ ಇರೋ ಟೀವಿಗಳ ಕಡೆ ಕೈ ತೋರಿಸಿ, "ಇದರೊಳಗಿರೋ ಆಪರೇಟಿಂಗ್ ಸಿಸ್ಟಮ್ ಯಾವುದು?" ಅಂತ ಕೇಳಿ ನೋಡಿ. ಬಹುತೇಕ ಸಿಗೋ ಉತ್ತರ ಒಂದೇ: "ಆ್ಯಂಡ್ರಾಯ್ಡ್ ರೀ ಸಾರ್, ಎಲ್ಲಾ ಬರ್ತಾವ." ಯಾವ ಆ್ಯಂಡ್ರಾಯ್ಡ್, ಎಷ್ಟನೇದು, ಇನ್ನೆಷ್ಟು ವರ್ಷ ಅಪ್‌ಡೇಟ್ ಸಿಗುತ್ತೆ ಅಂತ ಎರಡನೇ ಪ್ರಶ್ನೆ ಹಾಕಿದ್ರೆ, ಇನ್‌ಕಮ್ ಟ್ಯಾಕ್ಸಿನೋರು ಬಂದ್ರೇನೋ ಅನ್ನೋ ಹಾಗೆ ನೋಡ್ತಾರೆ.

ಅಂಗಡಿಯವರನ್ನ ಬಯ್ಯೋದಕ್ಕೆ ಇದನ್ನ ಬರೀತಿಲ್ಲ. ಡಬ್ಬದ ಮೇಲೆ ಇಲ್ಲದೇ ಇರೋದನ್ನ ಅವರಾದರೂ ಎಲ್ಲಿಂದ ತಂದು ಹೇಳಬೇಕು? ನನ್ನ ತಕರಾರು ಇರೋದು ಆ ಡಬ್ಬದ ಮೇಲೇ. ಎಷ್ಟು ಇಂಚು, ಎಷ್ಟು ವ್ಯಾಟ್ ಸೌಂಡು, 4ಕೆ, ಎಲ್ಲಾ ದಪ್ಪಕ್ಷರದಲ್ಲಿ ಇರುತ್ತೆ. ಟೀವಿಯನ್ನ ನಿಜವಾಗಿ ನಡೆಸೋ ತಂತ್ರಾಂಶದ ಹೆಸರು, ಅದರ ವಯಸ್ಸು, ಅದರ ಆಯಸ್ಸು ಮಾತ್ರ ಇರಲ್ಲ. ಇದ್ರೂ "ಸ್ಮಾರ್ಟ್" ಅನ್ನೋ ಒಂದು ಪದ, ಹೆಚ್ಚಂದ್ರೆ ಒಂದು ಹಸಿರು ರೋಬೋಟಿನ ಚಿತ್ರ.

ನಾನು ತುಂಗಭದ್ರೆ ದಂಡೆಯ ಮಾಗಳದವನು. ನಮ್ಮೂರಲ್ಲಿ ಮೆಕ್ಕೆಜೋಳದ ಬೀಜ ತರೋ ರೈತ ದುಡ್ಡು ಕೊಡೋ ಮುಂಚೆ ಚೀಲ ತಿರುವಿ ನೋಡ್ತಾನೆ. ತಳಿ ಯಾವುದು, ಮೊಳಕೆ ನೂರಕ್ಕೆ ಎಷ್ಟು, ಪರೀಕ್ಷೆ ಮಾಡಿದ್ದು ಯಾವಾಗ, ಯಾವ ತಿಂಗಳ ತನಕ ಬಿತ್ತಬಹುದು, ಎಲ್ಲಾ ಚೀಟಿಯಲ್ಲಿ ಇರುತ್ತೆ. 1966ರ ಬೀಜ ಕಾಯ್ದೆ, ಅದರ ಬೆನ್ನಿಗೆ 1968ರ ನಿಯಮಗಳು ಬಂದಾಗಿನಿಂದ ನಮ್ಮ ದೇಶದಲ್ಲಿ ಬೆಳೆದು ಬಂದ ಪದ್ಧತಿ ಇದು. ಸಂಜೆಗೆ ಬಾಡಿ ಹೋಗೋ ನಮ್ಮ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಇಪ್ಪತ್ತು ಸಾವಿರ ಕೊಟ್ಟು ತಂದು, ಹತ್ತು ವರ್ಷ ಇರಲಿ ಅಂತ ಗೋಡೆಗೆ ಮೊಳೆ ಹೊಡೆದು ನೇತು ಹಾಕೋ ಟೀವಿಗೆ ಮಾತ್ರ ತಳಿಯ ಹೆಸರಿಲ್ಲ!

ತಳಿ ಅಂತ ಬೇಕಂತಲೇ ಅಂದೆ. ಟೀವಿಗಳಲ್ಲೂ ತಳಿ ಬೇರೆ ಬೇರೆ. ಸ್ಯಾಮ್ಸಂಗ್ 2015ರಿಂದ ತನ್ನ ಸ್ಮಾರ್ಟ್ ಟೀವಿಗಳಿಗೆ ಹಾಕ್ತಿರೋದು ಟೈಜೆನ್. ಎಲ್‌ಜಿಯದ್ದು ವೆಬ್‌ಓಎಸ್. 2009ರಲ್ಲಿ ಪಾಮ್ ಕಂಪನಿಯ ಫೋನಿಗೆ ಅಂತ ಹುಟ್ಟಿ, ಎಚ್‌ಪಿ ಕೈ ದಾಟಿ, 2013ರಲ್ಲಿ ಎಲ್‌ಜಿ ಕೈಸೇರಿದ್ದು ಅದು. ಸೋನಿಯಂಥವರು ಗೂಗಲ್‌ನ ಆ್ಯಂಡ್ರಾಯ್ಡ್ ಟೀವಿ ಹಿಡಿದ್ರು. 2020ರಿಂದ ಅದರ ಮೇಲೆ ಗೂಗಲ್ ಟೀವಿ ಅನ್ನೋ ಹೊಸ ಮುಖ ಕೂತಿದೆ. ಅಮೆಜಾನ್‌ನ ಫೈರ್ ಟೀವಿ ಆ್ಯಂಡ್ರಾಯ್ಡ್ ಬೇರಿನದೇ, ಆದ್ರೆ ಅದರಲ್ಲಿ ಪ್ಲೇ ಸ್ಟೋರ್ ಇರಲ್ಲ. 2025ರಲ್ಲಿ ಜಿಯೋದವರ ಟೆಲಿ ಓಎಸ್ ಕೂಡ ಬಂತು. ಇದರ ಮೇಲೆ ಇನ್ನೊಂದು ಗೊಂದಲ. 2021ರಿಂದ ಎಲ್‌ಜಿ ತನ್ನ ವೆಬ್‌ಓಎಸ್ಸನ್ನ ಬೇರೆ ಕಂಪನಿಗಳಿಗೂ ಕೊಡ್ತಿದೆ. ಅಂದ್ರೆ ಟೀವಿಯ ಹಣೆ ಮೇಲಿನ ಹೆಸರು ನೋಡಿ ಒಳಗಿರೋದು ಇಂಥದ್ದೇ ಅಂತ ಹೇಳೋ ಕಾಲ ಮುಗೀತು.

ಕೊನೆಯದಾಗಿ ಒಂದು ಅನಾಮಧೇಯ ತಳಿ ಇದೆ. ಆ್ಯಂಡ್ರಾಯ್ಡಿನ ಮೂಲ ಸಂಕೇತ ಎಲ್ಲರಿಗೂ ಮುಕ್ತ, ಯಾರು ಬೇಕಾದ್ರೂ ತಗೊಂಡು ಯಾವ ಯಂತ್ರಕ್ಕೆ ಬೇಕಾದ್ರೂ ಹಾಕಬಹುದು. ಅದರಲ್ಲಿ ತಪ್ಪೇನಿಲ್ಲ, ನನ್ನ ಹೊಟ್ಟೆಪಾಡು ನಡೀತಿರೋದೇ ಮುಕ್ತ ತಂತ್ರಾಂಶದಿಂದ. ಆದ್ರೆ ಫೋನು, ಟ್ಯಾಬ್ಲೆಟ್ಟಿಗೆ ಅಂತ ಇದ್ದ ಆ್ಯಂಡ್ರಾಯ್ಡನ್ನ ಟೀವಿಗೆ ತುರುಕಿ, ಗೂಗಲ್‌ನ ಪರೀಕ್ಷೆಗೂ ಹೋಗದೆ, ನೆಟ್‌ಫ್ಲಿಕ್ಸ್ ಪರೀಕ್ಷೆಗೂ ಹೋಗದೆ, "ಆ್ಯಂಡ್ರಾಯ್ಡ್ ಟೀವಿ" ಅನ್ನೋ ಹೆಸರಲ್ಲೇ ಮಾರೋದಿದೆಯಲ್ಲ, ಅದು ಕಳಪೆ ಬೀಜಕ್ಕೆ ಒಳ್ಳೇ ತಳಿಯ ಚೀಲ ಹೊಲಿದ ಹಾಗೆ.

ನಮ್ಮ ಕಾಕ 2024ರ ದೀಪಾವಳಿಗೆ ಅಂಥದ್ದೊಂದು 43 ಇಂಚಿನ ಟೀವಿ ತಂದರು. ಅಂಗಡಿ ಹೆಸರು, ಕಂಪನಿ ಹೆಸರು ಇಲ್ಲಿ ಬೇಡ. ವಾರಕ್ಕೆ ನನಗೆ ಫೋನು ಬಂತು.

"ಲೇ ತಮ್ಮಾ, ನೆಟ್‌ಫ್ಲಿಕ್ಸ್ ಹಾಕಾಕ ಹೋದ್ರ ಈ ಟೀವಿಗೆ ಆಗಂಗಿಲ್ಲ ಅಂತೈತಿ."

"ಕಾಕಾ, ಸೆಟ್ಟಿಂಗ್ಸ್‌ನ್ಯಾಗ ಅಬೌಟ್ ಅಂತ ಇರತೈತಿ. ಅಲ್ಲಿ ಏನೈತಿ ಓದ್ರಿ."

"ಆ್ಯಂಡ್ರಾಯ್ಡ್ 9 ಅಂತ ಐತಿ."

"ಆ್ಯಂಡ್ರಾಯ್ಡ್ ಟೀವಿ ಅಂತ ಐತೇನು, ಬರೇ ಆ್ಯಂಡ್ರಾಯ್ಡ್ ಅಂತ ಐತೇನು?"

"ಬರೇ ಆ್ಯಂಡ್ರಾಯ್ಡ್. ಯಾಕ, ಇದು ಟೀವಿನ ಅಲ್ಲೇನು?"

ಟೀವಿ ಹೌದು ಕಾಕಾ, ಒಳಗಿರೋದು ಟೀವಿದಲ್ಲ ಅಂತ ಹೇಳಿದೆ. ಅವರಿಗೆ ನಗು ಬರಲಿಲ್ಲ. ಆ್ಯಂಡ್ರಾಯ್ಡ್ 9 ಬಂದಿದ್ದು 2018ರಲ್ಲಿ. 2024ರ ಮೇ ತಿಂಗಳಿಗೆ ಗೂಗಲ್ ಟೀವಿಗಳಿಗೆ ಅಂತಲೇ ಆ್ಯಂಡ್ರಾಯ್ಡ್ 14 ಬಿಟ್ಟಾಗಿತ್ತು. ಹೊಸ ಡಬ್ಬದೊಳಗೆ ಆರು ವರ್ಷದ ಹಳೇ ಸರಕು. ಬೀಜದ ಅಂಗಡಿಯಲ್ಲಿ ಹೀಗೆ ಅವಧಿ ಮುಗಿದದ್ದನ್ನ ಮಾರಿದ್ರೆ ಕೃಷಿ ಇಲಾಖೆಯವರು ಬರ್ತಾರೆ. ಇಲ್ಲಿ ಅವಧಿ ಅನ್ನೋದೇ ಬರೆದಿಲ್ಲ, ಮುಗಿಯೋದು ಎಲ್ಲಿಂದ?

"ಒಂದು ಸಿನಿಮಾ ಆ್ಯಪು ಬರಲಿಲ್ಲ, ಅಷ್ಟೇ ತಾನೆ?" ಅನ್ನೋರಿದ್ದಾರೆ. ಅಷ್ಟೇ ಅಲ್ಲ. ಸಿನಿಮಾ ಕಂಪನಿಗಳು ಕಳ್ಳತನ ತಡೆಯೋಕೆ ವೈಡ್‌ವೈನ್ ಅನ್ನೋ ಬೀಗ ಬಳಸ್ತವೆ. ಯಂತ್ರಾಂಶದ ಮಟ್ಟದಲ್ಲೇ ಭದ್ರ ಇರೋ ಟೀವಿಗೆ ಎಲ್1 ದರ್ಜೆ, ಇಲ್ಲದ್ದಕ್ಕೆ ಎಲ್3. ಎಲ್3 ಟೀವಿಯಲ್ಲಿ ಆ್ಯಪು ಹೇಗೋ ಕೂತ್ರೂ ಚಿತ್ರ ಸಾಮಾನ್ಯವಾಗಿ ಹಳೇ ಡಿವಿಡಿ ಮಟ್ಟದಲ್ಲೇ ಬರುತ್ತೆ. ಡಬ್ಬದ ಮೇಲಿನ 4ಕೆ ಪರದೆ ನಿಜವೇ ಇರಬಹುದು, ಅದಕ್ಕೆ 4ಕೆ ಸಿನಿಮಾ ಕೊಡೋರೇ ಇಲ್ಲ. ಕಾಲುವೆ ಅಗಲ ಮಾಡಿಟ್ಟು ನೀರು ಬಿಡದ ಹಾಗೆ.

ಅದಕ್ಕಿಂತ ದೊಡ್ಡದು ಭದ್ರತೆ. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಬ್ಯಾಡ್‌ಬಾಕ್ಸ್ 2.0 ಅನ್ನೋ ಜಾಲದ ಬಗ್ಗೆ ಜನರನ್ನ ಎಚ್ಚರಿಸಿತು. ಮರುತಿಂಗಳು ಗೂಗಲ್ ಆ ಜಾಲದವರ ಮೇಲೆ ಮೊಕದ್ದಮೆ ಹಾಕಿ, ಪರೀಕ್ಷೆಗೆ ಒಳಪಡದ, ಮುಕ್ತ ಆ್ಯಂಡ್ರಾಯ್ಡ್ ಇರೋ ಒಂದು ಕೋಟಿಗೂ ಮೇಲ್ಪಟ್ಟ ಸಾಧನಗಳು ಅದರ ಕೈಯಲ್ಲಿವೆ ಅಂತು. ಟೀವಿಗೆ ಸಿಕ್ಕಿಸೋ ಅಗ್ಗದ ಬಾಕ್ಸುಗಳು, ಪ್ರೊಜೆಕ್ಟರುಗಳು ಇಂಥವೇ. ಕೆಲವಕ್ಕೆ ಸೋಂಕು ಕಾರ್ಖಾನೆಯಿಂದ ಹೊರಬೀಳೋ ಮುಂಚೆನೇ ತಗುಲಿರುತ್ತೆ. ನಿಮ್ಮ ಮನೆಯ ಇಂಟರ್ನೆಟ್ಟನ್ನ ಇನ್ಯಾರೋ ಬಾಡಿಗೆಗೆ ಮಾರ್ಕೋತಾರೆ. ಅವರು ಮಾಡೋ ಮೋಸಕ್ಕೆ ಬೀಳೋ ವಿಳಾಸ ನಿಮ್ಮ ಮನೆಯದ್ದು. ಅಗ್ಗದ ಟೀವಿ ಎಲ್ಲಾ ಹೀಗೇ ಅಂತ ನಾನು ಹೇಳಲ್ಲ. ಯಾವುದು ಹಾಗೆ, ಯಾವುದು ಹಾಗಲ್ಲ ಅಂತ ತಿಳಿಯೋ ದಾರಿಯನ್ನೇ ಡಬ್ಬ ಮುಚ್ಚಿಟ್ಟಿದೆ ಅನ್ನೋದು ನನ್ನ ಸಿಟ್ಟು. ಅದೇ ಟೀವಿಗೆ ನಮ್ಮ ಕಾಕ ತಮ್ಮ ಜಿಮೇಲ್ ಪಾಸ್‌ವರ್ಡ್ ಒತ್ತಿದ್ರು. ಬೆಳೆವಿಮೆ ಅರ್ಜಿಗೆ ಕೊಟ್ಟಿದ್ದೂ ಅದೇ ಜಿಮೇಲು.

"ದೊಡ್ಡ ಕಂಪನಿದು ತಗೊಳ್ಳಿ, ತಲೆಬಿಸಿ ಇರಲ್ಲ" ಅನ್ನೋದು ಬೆಂಗಳೂರಿನ ನನ್ನ ಸಹೋದ್ಯೋಗಿಗಳ ಮಾತು. ತಲೆಬಿಸಿ ಕಡಿಮೆ ಆಗುತ್ತೆ ನಿಜ, ಹೋಗಲ್ಲ. 2019ರ ಡಿಸೆಂಬರ್ 1ಕ್ಕೆ 2010, 2011ರ ಕೆಲವು ಸ್ಯಾಮ್ಸಂಗ್ ಟೀವಿಗಳಲ್ಲಿ ನೆಟ್‌ಫ್ಲಿಕ್ಸ್ ನಿಂತು ಹೋಯ್ತು. ಪರದೆ ಗಟ್ಟಿಯಾಗಿತ್ತು, ತಂತ್ರಾಂಶ ಮುಪ್ಪಾಗಿತ್ತು. ಅಮೆರಿಕದಲ್ಲಿ ವಿಜಿಯೋ ಕಂಪನಿ 1.1 ಕೋಟಿ ಟೀವಿಗಳಿಂದ ಜನ ಕ್ಷಣಕ್ಷಣಕ್ಕೂ ಏನು ನೋಡ್ತಿದಾರೆ ಅನ್ನೋದನ್ನ ಕೇಳದೇ ಸಂಗ್ರಹಿಸಿದ ಆರೋಪಕ್ಕೆ 2017ರಲ್ಲಿ 22 ಲಕ್ಷ ಡಾಲರ್ ಕೊಟ್ಟು ಪ್ರಕರಣ ಮುಗಿಸ್ಕೊಂಡಿತು. ನೀವು ನೋಡೋದನ್ನ ಗುರುತಿಸೋ ಸೌಲಭ್ಯ ನಮ್ಮಲ್ಲಿ ಮಾರೋ ಟೀವಿಗಳಲ್ಲೂ ಇದೆ. ಸ್ಯಾಮ್ಸಂಗ್‌ನಲ್ಲಿ ಅದರ ಹೆಸರು ವ್ಯೂಯಿಂಗ್ ಇನ್‌ಫರ್ಮೇಷನ್ ಸರ್ವಿಸಸ್, ಎಲ್‌ಜಿಯಲ್ಲಿ ಲೈವ್ ಪ್ಲಸ್. ಆರಿಸಬಹುದು. ಆದ್ರೆ ಒಳಗಿರೋ ತಳಿ ಯಾವುದು ಅಂತ ಗೊತ್ತಿಲ್ಲದೇ ಸ್ವಿಚ್ಚು ಎಲ್ಲಿದೆ ಅಂತ ಹುಡುಕೋದು ಹೇಗೆ?

"ಹೋಗ್ಲಿ, ಒಂದು ಸ್ಟಿಕ್ ಸಿಕ್ಕಿಸಿ" ಅನ್ನೋದು ಇನ್ನೊಂದು ಮಾತು. ಒಳ್ಳೇ ಉಪಾಯ, ಕಾಕನ ಮನೆಗೂ ನಾನು ಅದನ್ನೇ ಕಳಿಸಿದ್ದು. ಆದ್ರೆ "ಸ್ಮಾರ್ಟ್" ಅಂತ ದುಡ್ಡು ತಗೊಂಡ ಟೀವಿಗೆ ಮತ್ತೆ ದುಡ್ಡು ಹಾಕಿ ಬುದ್ಧಿ ಕೊಡಿಸೋದು ಯಾವ ನ್ಯಾಯ? ಸ್ಟಿಕ್ಕಿನ ಕಥೆಯೂ ಈಗ ಅಷ್ಟು ಸರಳ ಇಲ್ಲ. 2025ರಲ್ಲಿ ಅಮೆಜಾನ್ ತನ್ನ ಒಂದು ಹೊಸ ಸ್ಟಿಕ್ಕಿಗೆ ಆ್ಯಂಡ್ರಾಯ್ಡ್ ಬಿಟ್ಟು ವೇಗಾ ಅನ್ನೋ ಬೇರೆಯದೇ ಓಎಸ್ ಹಾಕ್ತು. ನೋಡೋಕೆ ಅದೇ ಫೈರ್ ಸ್ಟಿಕ್, ಒಳಗೆ ಬೇರೆ.

ಮೂರನೇ ಮಾತು ಕೇಳಿದ್ರೆ ನನಗೆ ಮೈ ಉರಿಯುತ್ತೆ: "ಹಳ್ಳಿ ಜನಕ್ಕೆ ಇದೆಲ್ಲಾ ಎಲ್ಲಿ ತಿಳಿಬೇಕು, ಚಿತ್ರ ಬಂದ್ರೆ ಸಾಕು." ಸ್ವಾಮಿ, ಫ್ರಿಜ್ಜಿನ ಮೇಲೆ ನಕ್ಷತ್ರದ ಚೀಟಿ ಇದೆಯಲ್ಲ, ಕಿಲೋವ್ಯಾಟ್-ಅವರ್ ಅಂದ್ರೆ ಏನು ಅಂತ ನಮ್ಮ ಕಾಕಿಗೆ ಗೊತ್ತಿಲ್ಲ. ಆದ್ರೆ ಅಂಗಡಿಗೆ ಕಾಲಿಟ್ಟ ಕೂಡ್ಲೇ "ಎಷ್ಟು ಸ್ಟಾರ್ ಐತ್ರಿ?" ಅಂತಾಳೆ. ಚೀಟಿ ಮುಂದೆ ಇಟ್ರೆ ಓದೋದನ್ನ ಜನ ಕಲೀತಾರೆ. ಹಡಗಲಿ ತಾಲೂಕಿನ ಮೈಲಾರದ ಕಾರಣಿಕದಲ್ಲಿ ಗೊರವಯ್ಯ ನುಡಿಯೋ ಒಂದೇ ಸಾಲಿನಿಂದ ಮಳೆ, ಬೆಳೆ, ರಾಜಕೀಯ ಎಲ್ಲಾ ಬಿಡಿಸಿ ಹೇಳೋ ಜನ ನಮ್ಮವರು. ಅಲ್ಲಿ ಒಗಟಾಗಿ ನುಡಿಯೋದೇ ಸಂಪ್ರದಾಯ. ದುಡ್ಡು ತಗೊಂಡು ಮಾಲು ಮಾರೋ ಕಂಪನಿಗೆ ಒಗಟಾಗಿ ಮಾತಾಡೋ ಹಕ್ಕಿಲ್ಲ.

ಮುಂದೆ ಈ ಗೋಜಲು ಕಡಿಮೆ ಆಗಲ್ಲ, ಹೆಚ್ಚಾಗುತ್ತೆ. ಪ್ಲೇ ಸ್ಟೋರ್ ಬೇಕಾದ್ರೆ ತನ್ನ ಎಲ್ಲಾ ಷರತ್ತಿಗೂ ಒಪ್ಪಬೇಕು ಅಂತ ಗೂಗಲ್ ಟೀವಿ ಕಂಪನಿಗಳನ್ನ ಕಟ್ಟಿಹಾಕಿದೆ ಅನ್ನೋ ದೂರು ಭಾರತದ ಸ್ಪರ್ಧಾ ಆಯೋಗದ ಮುಂದಿತ್ತು. 2025ರ ಏಪ್ರಿಲ್‌ನಲ್ಲಿ 20.24 ಕೋಟಿ ರೂಪಾಯಿಗೆ ಅದು ಇತ್ಯರ್ಥ ಆಯ್ತು. ಇನ್ನು ಮೇಲೆ ಕಂಪನಿಗಳು ಪ್ಲೇ ಸ್ಟೋರನ್ನ ಬಿಡಿಯಾಗಿ ಪಡೆಯಬಹುದು, ಬೇರೆ ಥರದ ಆ್ಯಂಡ್ರಾಯ್ಡ್ ಟೀವಿಗಳನ್ನೂ ಮಾಡಬಹುದು. ಕಂಪನಿಗಳ ಸ್ವಾತಂತ್ರ್ಯಕ್ಕೆ ನನ್ನ ಅಡ್ಡಿ ಇಲ್ಲ. ಆದ್ರೆ ತಳಿ ಹೆಚ್ಚಾದಷ್ಟೂ ಚೀಟಿ ಹೆಚ್ಚು ಬೇಕು. ಆಯ್ಕೆ ಹೆಚ್ಚಿಸಿ, ಆರಿಸೋನ ಕಣ್ಣಿಗೆ ಬಟ್ಟೆ ಕಟ್ಟಿದ್ರೆ ಏನು ಬಂತು?

ಇದು ಆಗದ ಕೆಲಸವೂ ಅಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಇಂಟರ್ನೆಟ್ಟಿಗೆ ಸೇರೋ ಗೃಹಬಳಕೆ ಸಾಧನಗಳಿಗೆ, ಟೀವಿಯೂ ಸೇರಿ, ಭದ್ರತಾ ಅಪ್‌ಡೇಟ್ ಕನಿಷ್ಠ ಯಾವಾಗಿನ ತನಕ ಅಂತ ಪ್ರಕಟಿಸೋದು ಕಾನೂನು. ಸ್ಯಾಮ್ಸಂಗ್ 2024ರಿಂದ ಕೆಲವು ಮಾದರಿಗಳಿಗೆ 7 ವರ್ಷ, ಎಲ್‌ಜಿ ತನ್ನ ಕೆಲವಕ್ಕೆ 5 ವರ್ಷ ಓಎಸ್ ಅಪ್‌ಗ್ರೇಡ್ ಅಂತ ತಾವೇ ಹೇಳ್ಕೊಂಡಿವೆ. ಹೇಳೋಕೆ ಬರುತ್ತೆ ಅಂದಮೇಲೆ ಡಬ್ಬದ ಮೇಲೆ ಅಚ್ಚು ಹಾಕೋಕೂ ಬರುತ್ತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕಿನ ಗುಣಮಟ್ಟ ತಿಳಿಯೋದು ನಮ್ಮ ಹಕ್ಕು ಅನ್ನುತ್ತೆ. ಸ್ಮಾರ್ಟ್ ಟೀವಿಯ ಗುಣಮಟ್ಟ ಅಂದ್ರೆ ಅರ್ಧ ಅದರ ಓಎಸ್ಸೇ.

ನಾನು ಕೇಳ್ತಿರೋದು ನಾಲ್ಕೇ ಸಾಲು, ಕನ್ನಡದಲ್ಲಿ, ಬೆಲೆಯ ಪಕ್ಕದಲ್ಲಿ. ಓಎಸ್ ಹೆಸರು. ಅದರ ಆವೃತ್ತಿ ಮತ್ತು ಅದು ಬಂದ ವರ್ಷ. ಯಾರ ಪರೀಕ್ಷೆ ಪಾಸಾಗಿದೆ. ಅಪ್‌ಡೇಟ್ ಯಾವ ವರ್ಷದ ತನಕ. ಬೀಜದ ಚೀಲದ ಚೀಟಿಗಿಂತ ಇದು ಚಿಕ್ಕದು.

ಅದು ಬರೋ ತನಕ ನಮ್ಮ ಕೈಯಲ್ಲಿರೋದು ರಿಮೋಟು. ದುಡ್ಡು ಕೊಡೋ ಮುಂಚೆ ಅಂಗಡಿಯಲ್ಲೇ ಟೀವಿ ಹಚ್ಚಿಸಿ. ಸೆಟ್ಟಿಂಗ್ಸ್‌ಗೆ ಹೋಗಿ ಅಬೌಟ್ ತೆಗೀರಿ. ಸ್ಯಾಮ್ಸಂಗ್‌ನಲ್ಲಿ ಅದು ಸಪೋರ್ಟ್ ಅನ್ನೋದರ ಒಳಗಿರುತ್ತೆ, ಎಲ್‌ಜಿಯಲ್ಲಿ ಟೀವಿ ಇನ್‌ಫರ್ಮೇಷನ್ ಅಂತ ಹುಡುಕಿ. "ಆ್ಯಂಡ್ರಾಯ್ಡ್" ಅಂತ ಮಾರ್ತಿದ್ರೆ ಅಲ್ಲಿ "ಆ್ಯಂಡ್ರಾಯ್ಡ್ ಟೀವಿ ಓಎಸ್" ಅಂತಲೇ ಇರಬೇಕು. ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ಪ್ಲೇ ಪ್ರೊಟೆಕ್ಟ್ ಮುಂದೆ ಸರ್ಟಿಫೈಡ್ ಅಂತ ಬರಬೇಕು. ರಿಮೋಟ್ ಒತ್ತಿದ್ರೆ ಕಂಪ್ಯೂಟರಿನ ಹಾಗೆ ಬಾಣ ಓಡಾಡ್ತಿದ್ರೆ, ಪ್ಲೇ ಸ್ಟೋರ್ ಜಾಗದಲ್ಲಿ ಹೆಸರು ಕೇಳದ ಅಂಗಡಿ ಕೂತಿದ್ರೆ, ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಅಂತ ಅದೇ ಹೇಳ್ತಿದ್ರೆ, ಆ ಟೀವಿ ಬೇಡ.

ಸರಿಯಾಗಿದ್ರೆ, ಅಬೌಟ್‌ನಲ್ಲಿ ಕಂಡ ಹೆಸರನ್ನೂ ಆವೃತ್ತಿಯನ್ನೂ ಬಿಲ್ಲಿನ ಮೇಲೆ ಬರೆಸ್ಕೊಳ್ಳಿ. ಮನೆಗೆ ಬೇರೆಯದು ಬಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡೋವಾಗ, ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತೋವಾಗ ಆ ಬಿಲ್ಲೇ ನಿಮ್ಮ ಸಾಕ್ಷಿ. ಹತ್ತು ಜನ ಹೀಗೆ ಬರೆಸಿದ್ರೆ ಅಂಗಡಿಯವರು ಡೀಲರನ್ನ ಕೇಳ್ತಾರೆ, ಡೀಲರ್ ಕಂಪನಿಯನ್ನ ಕೇಳ್ತಾನೆ. ಬರೆದು ಕೊಡಲ್ಲ ಅಂದ್ರೆ ಚೌಕಾಸಿಗೆ ನಿಲ್ಲಬೇಡಿ, ಪಕ್ಕದ ಅಂಗಡಿಗೆ ನಡೀರಿ.