ಎತ್ತಿಗೆ ಜ್ವರ, ಎಮ್ಮೆಗೆ ಬರೆ



ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ನನ್ನಿಂದ ಪಾಠ ಹೇಳಿಸಿಕೊಂಡ ಅನೇಕರು ಇಂದು ಕಚೇರಿಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುತ್ತಿದ್ದಾರೆ. ಅವರು ದೂರವಾಣಿಯಲ್ಲಿ ಹೇಳಿಕೊಳ್ಳುವ ಸಂಕಟಗಳಲ್ಲಿ ಒಂದು ನನ್ನನ್ನು ಬಹಳ ದಿನಗಳಿಂದ ಕೆಣಕುತ್ತಿದೆ. ಕಚೇರಿಯ ಮಿಂಚಂಚೆ ತೆರೆದರೆ ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟರೆ, ಅರೆಗಳಿಗೆಯಲ್ಲಿ ಮತ್ತೆ ಕೇಳುತ್ತದೆ. ಹತ್ತು ಸಲ ಕೊಟ್ಟರೂ ಹನ್ನೊಂದನೆಯ ಸಲ ಕೇಳುತ್ತದೆ. ಕೊನೆಗೆ ಬೈಗುಳ ಬೀಳುವುದು ಮಾತ್ರ ಕೀಲಿಮಣೆ ಒತ್ತಿದವರ ಮೇಲೆ. ಇದು ಅನ್ಯಾಯವೆಂದು ಹೇಳುವುದೇ ಈ ಲೇಖನದ ಉದ್ದೇಶ.

ಕೆ.ಆರ್. ಪೇಟೆಯಲ್ಲಿ ನನ್ನ ತರಗತಿಯಲ್ಲಿದ್ದ ಹೆಣ್ಣುಮಗಳೊಬ್ಬಳು ಖಾಸಗಿ ಸಂಸ್ಥೆಯೊಂದರ ಶಾಖೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಪ್ರಧಾನ ಕಚೇರಿಯು ತಿಂಗಳ ಕೊನೆಯ ಲೆಕ್ಕವನ್ನು ಮಿಂಚಂಚೆಯಲ್ಲಿ ಕೇಳಿತ್ತು. ಅವಳ ಔಟ್‌ಲುಕ್ ಮೂರು ದಿನ ಪಾಸ್‌ವರ್ಡ್ ಕೇಳುತ್ತಲೇ ಉಳಿಯಿತು. ಪತ್ರ ಕಣ್ಣಿಗೆ ಬೀಳಲಿಲ್ಲ. ನಾಲ್ಕನೆಯ ದಿನ ಕಾರಣ ಕೇಳಿ ನೋಟಿಸು ಬಂದಿತು, ಕರ್ತವ್ಯಲೋಪವೆಂಬ ಮಾತಿನೊಡನೆ. "ಸಾರ್, ನಾನು ಪಾಸ್‌ವರ್ಡ್ ಸರಿಯಾಗಿಯೇ ಹಾಕಿದ್ದೆ" ಎಂದು ಅವಳು ಹೇಳಿದ ಧ್ವನಿ ಈಗಲೂ ಕಿವಿಯಲ್ಲಿದೆ.

ಆಮೇಲೆ ತಿಳಿದದ್ದು ಇಷ್ಟು. 45 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಬೇಕೆಂಬುದು ಆ ಸಂಸ್ಥೆಯ ನಿಯಮ. ಅವಳು ವಿಧೇಯಳಾಗಿ ಬದಲಿಸಿದ್ದಳು. ಆದರೆ ಅವಳ ಗಣಕಯಂತ್ರವು ಹಳೆಯದನ್ನೇ ನೆನಪಿಟ್ಟುಕೊಂಡು ಸರ್ವರಿಗೆ ಒಪ್ಪಿಸುತ್ತಿತ್ತು. ಕೈಚೀಲದಲ್ಲಿದ್ದ ಮೊಬೈಲೂ ಅದೇ ಹಳೆಯ ಪದ ಹಿಡಿದು ಬಾಗಿಲು ತಟ್ಟುತ್ತಿತ್ತು. ಯಾರೋ ಕಳ್ಳ ಬಂದಿದ್ದಾನೆಂದು ಭ್ರಮಿಸಿದ ಸರ್ವರ್ ಖಾತೆಗೇ ಬೀಗ ಜಡಿಯಿತು. ಬೀಗ ಬಿದ್ದ ಮೇಲೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಪ್ರಯೋಜನವಿಲ್ಲ. ತಂತ್ರಜ್ಞ ಹುಡುಗನೊಬ್ಬ ಬಂದು ಹತ್ತು ನಿಮಿಷದಲ್ಲಿ ಸರಿಪಡಿಸಿದ. ನೋಟಿಸನ್ನು ಮಾತ್ರ ಯಾರೂ ಹಿಂದೆ ಪಡೆಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ.

ಹಾಜರಿ ಕರೆಯುವಾಗ ಹುಡುಗ "ಬಂದಿದ್ದೀನಿ ಸಾರ್" ಎಂದು ಮೂರು ಸಲ ಕೂಗಿದರೂ ಮೇಷ್ಟ್ರು ಅದೇ ಹೆಸರನ್ನು ನಾಲ್ಕನೆಯ ಸಲ ಕರೆದರೆ, ಪರೀಕ್ಷಿಸಬೇಕಾದದ್ದು ಯಾರ ಕಿವಿಯನ್ನು? ಈ ವಿದ್ಯೆಯಲ್ಲಿ ಪಳಗಿದ ನನ್ನ ಶಿಷ್ಯನೊಬ್ಬನನ್ನು ಕೂರಿಸಿಕೊಂಡು ನಾನು ಕೇಳಿ ತಿಳಿದುಕೊಂಡೆ. ಅದೇ ಪಾಸ್‌ವರ್ಡಿನಿಂದ ಬ್ರೌಸರಿನಲ್ಲಿ ಮಿಂಚಂಚೆ ತೆರೆದು ನೋಡಬೇಕು. ಅಲ್ಲಿ ತೆರೆದುಕೊಂಡರೆ ಪಾಸ್‌ವರ್ಡ್ ಸರಿ ಇದೆ, ದೋಷವಿರುವುದು ಯಂತ್ರದಲ್ಲಿ ಅಥವಾ ತಂತ್ರಾಂಶದಲ್ಲಿ. ಇಷ್ಟು ಸರಳವಾದ ಪರೀಕ್ಷೆಯನ್ನು ನೋಟಿಸು ಬರೆಯುವ ಮುನ್ನ ಏಕೆ ಮಾಡುವುದಿಲ್ಲ?

ಯಂತ್ರದ ದೋಷಗಳೂ ನಿಗೂಢವೇನಲ್ಲ. ವಿಂಡೋಸಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್ ಎಂಬ ಉಗ್ರಾಣವಿದೆ. ಔಟ್‌ಲುಕ್ ಮುಚ್ಚಿ, ಅಲ್ಲಿ ಉಳಿದಿರುವ ಮಿಂಚಂಚೆಯ ಹಳೆಯ ನಮೂದುಗಳನ್ನು ಅಳಿಸಿ, ಮತ್ತೆ ತೆರೆದರೆ ಎಷ್ಟೋ ಪ್ರಕರಣಗಳು ಅಲ್ಲಿಗೇ ಮುಗಿಯುತ್ತವೆ. ಕೆಲವು ಕಡೆ ಖಾತೆಯ ಭದ್ರತಾ ವಿಭಾಗದಲ್ಲಿ 'ಪ್ರತಿಸಲವೂ ಕೇಳು' ಎಂಬ ಅರ್ಥದ ಚೌಕಕ್ಕೆ ಯಾರೋ ಗುರುತು ಹಾಕಿರುತ್ತಾರೆ. ಕೆಲವು ಕಡೆ ಹಳೆಯ ಯಂತ್ರದೊಳಗಿನ ಪುಟ್ಟ ಬ್ಯಾಟರಿ ಸತ್ತು ಗಡಿಯಾರವೇ ತಪ್ಪಿರುತ್ತದೆ. ಕಚೇರಿಯ ಒಳಜಾಲಗಳಲ್ಲಿ ಬಳಕೆಯಲ್ಲಿರುವ ಕರ್ಬರೋಸ್ ಪದ್ಧತಿಯು ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಸಹಿಸುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಕಾರಣ ಜಿಪುಣತನ. ಬರಿಯ ಹೆಸರು ಮತ್ತು ಪಾಸ್‌ವರ್ಡ್ ಒಪ್ಪಿಸುವ ಹಳೆಯ ಪದ್ಧತಿಯನ್ನು ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಆನ್‌ಲೈನ್ ಸೇವೆಯಲ್ಲಿ 2022ರ ಅಕ್ಟೋಬರ್ 1ರಿಂದ ಮುಚ್ಚತೊಡಗಿತು. ಗೂಗಲ್ ಸಹ ವೈಯಕ್ತಿಕ ಖಾತೆಗಳಲ್ಲಿ ಅದೇ ವರ್ಷದ ಮೇ 30ರಿಂದ ಅಂಥ ತಂತ್ರಾಂಶಗಳನ್ನು ನಿಲ್ಲಿಸಿತು. ಔಟ್‌ಲುಕ್ 2010ಕ್ಕೆ ಹೊಸ ಪದ್ಧತಿಯೇ ತಿಳಿಯದು. ಔಟ್‌ಲುಕ್ 2013ಕ್ಕೆ ವಿಶೇಷವಾಗಿ ಕಲಿಸಬೇಕು. ಹಣ ಉಳಿಸಲೆಂದು ಹಳೆಯ ತಂತ್ರಾಂಶವನ್ನೇ ಇಟ್ಟುಕೊಂಡಿರುವ ಕಚೇರಿಯಲ್ಲಿ ಗುಮಾಸ್ತ ಸಾವಿರ ಸಲ ಸರಿಯಾದ ಪದ ಕೊಟ್ಟರೂ ಬಾಗಿಲು ತೆರೆಯದು. ತಪ್ಪು ಗುಮಾಸ್ತನದೋ, ಖರೀದಿಗೆ ರುಜು ಹಾಕದ ಅಧಿಕಾರಿಯದೋ?

"ಭದ್ರತೆಗಾಗಿ ಸ್ವಲ್ಪ ಕಷ್ಟ ಸಹಿಸಬೇಕು ಮೇಷ್ಟ್ರೇ" ಎಂದು ಅಧಿಕಾರದಲ್ಲಿರುವ ಬಂಧುವೊಬ್ಬರು ನನಗೆ ಬುದ್ಧಿ ಹೇಳಿದರು. ಅಪರಿಚಿತ ಸ್ಥಳದಿಂದ ಯಾರಾದರೂ ಬಂದರೆ ಕೇಳಲಿ, ಎರಡನೆಯ ಸಾಕ್ಷ್ಯವಾಗಿ ಮೊಬೈಲಿಗೆ ಸಂಕೇತ ಕಳುಹಿಸಲಿ. ಅದು ಭದ್ರತೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ಗಡುವು ಹಾಕಿ ಪಾಸ್‌ವರ್ಡ್ ಬದಲಿಸುವ ಆಚಾರವನ್ನು ಅದನ್ನು ಕಲಿಸಿದವರೇ ಕೈಬಿಟ್ಟಿದ್ದಾರೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಹಿಂದೆ ತನ್ನ ದಾಖಲೆಯ ಮೂಲಕ ಬೇರೂರಿಸಿದ್ದ ಪದ್ಧತಿಯನ್ನು 2017ರಲ್ಲಿ ತಾನೇ ತಿದ್ದಿಕೊಂಡು, ಸೋರಿಕೆಯ ಪುರಾವೆಯಿಲ್ಲದೆ ಬದಲಿಸಲು ಒತ್ತಾಯಿಸಬಾರದೆಂದಿತು. ಹಳೆಯ ದಾಖಲೆ ಬರೆದ ಬಿಲ್ ಬರ್ ಅವರು ಆ ಸಲಹೆಗಾಗಿ ಬಹಿರಂಗವಾಗಿ ವಿಷಾದಿಸಿದರು. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಭದ್ರತಾ ಶಿಫಾರಸಿನಿಂದ ಈ ನಿಯಮವನ್ನು ತೆಗೆಯಿತು. ನಮ್ಮ ಕಚೇರಿಗಳಲ್ಲಿ ಮಾತ್ರ ಅದು ಇನ್ನೂ ವೇದವಾಕ್ಯ! ಪರಿಣಾಮವೇನು? ಪದದ ಕೊನೆಯ ಅಂಕಿ ಒಂದು ಇದ್ದದ್ದು ಎರಡಾಗುತ್ತದೆ, ಎರಡು ಮೂರಾಗುತ್ತದೆ, ಎಲ್ಲವೂ ಮೇಜಿನ ಗಾಜಿನ ಕೆಳಗೆ ಚೀಟಿಯಲ್ಲಿ ಬರೆದಿರುತ್ತದೆ.

ಇದಕ್ಕಿಂತ ಘೋರವಾದ ಅಪಾಯ ಇನ್ನೊಂದಿದೆ. ದಿನಕ್ಕೆ ಹತ್ತು ಸಲ ಪಾಸ್‌ವರ್ಡ್ ಕೇಳಿಸಿಕೊಂಡವನು ಹನ್ನೊಂದನೆಯ ಸಲ ಯಾರು ಕೇಳಿದರೆಂದು ನೋಡುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಊಬರ್ ಸಂಸ್ಥೆಗೆ ಕನ್ನ ಬಿದ್ದದ್ದು ಹೀಗೆಯೇ. ಗುತ್ತಿಗೆ ನೌಕರನೊಬ್ಬನ ಮೊಬೈಲಿಗೆ ಕಳ್ಳನು ಅನುಮತಿ ಕೋರಿಕೆಗಳನ್ನು ಮೇಲಿಂದ ಮೇಲೆ ಕಳುಹಿಸಿದ. ಕೊನೆಗೊಮ್ಮೆ ಆತ ಒಪ್ಪಿಗೆ ಒತ್ತಿಬಿಟ್ಟ. ಶ್ರೀರಂಗಪಟ್ಟಣದವರಿಗೆ ಈ ಪಾಠ ಹೊಸದಲ್ಲ. 1799ರ ಮೇ 4ರಂದು ಶತ್ರುಗಳು ಕೋಟೆಗೆ ನುಗ್ಗಿದ್ದು ವಾಯವ್ಯ ಭಾಗದ ಗೋಡೆ ಒಡೆದಿದ್ದ ಕಡೆಯಿಂದ. ಆ ಹೊತ್ತಿನಲ್ಲಿ ಸಂಬಳ ಹಂಚುವ ನೆಪದಲ್ಲಿ ಕಾವಲಿನವರನ್ನು ಅಲ್ಲಿಂದ ಕರೆಸಿಕೊಳ್ಳಲಾಗಿತ್ತೆಂದು ನಮ್ಮ ಕಡೆ ಹೇಳುತ್ತಾರೆ. ಇಂದಿನ ಕಳ್ಳಪತ್ರಗಳ ತಲೆಬರಹದಲ್ಲೂ ಸಂಬಳದ ಮಾತೇ ಇರುತ್ತದೆ. ಅದನ್ನು ಒತ್ತಿದರೆ ಎದುರಾಗುವುದು ಮತ್ತದೇ ಪಾಸ್‌ವರ್ಡ್ ಪೆಟ್ಟಿಗೆ. ಕಾವಲುಗಾರನನ್ನು ದಣಿಸಿ ತೂಕಡಿಸುವಂತೆ ಮಾಡುವ ವ್ಯವಸ್ಥೆ ಕೋಟೆಯನ್ನು ಕಾಯಲಾರದು.

ಆದ್ದರಿಂದ ಆಡಳಿತ ನಡೆಸುವವರಲ್ಲಿ ನನ್ನ ಆಗ್ರಹ ಸ್ಪಷ್ಟವಾಗಿದೆ. ಗಡುವಿನ ನಿಯಮ ತೆಗೆಯಿರಿ. ಹಳೆಯ ತಂತ್ರಾಂಶ ಬದಲಿಸಿರಿ. ಬಾಗಿಲು ತೆರೆಯದಿದ್ದಾಗ ಕಾರಣವೇನೆಂದು ತಿಳಿಯುವ ಕನ್ನಡದಲ್ಲಿ ಹೇಳಿರಿ. ತಾಲ್ಲೂಕು ಕೇಂದ್ರದ ಶಾಖೆಗಳಿಗೂ ಕರೆದರೆ ಬರುವ ತಂತ್ರಜ್ಞನನ್ನು ಕೊಡಿರಿ. ಅಷ್ಟಾಗುವವರೆಗೆ ಮಿಂಚಂಚೆ ತೆರೆಯಲಿಲ್ಲವೆಂಬ ಕಾರಣಕ್ಕೆ ಯಾರಿಗೂ ನೋಟಿಸು ಕೊಡಬೇಡಿರಿ.

ನನ್ನ ಮಕ್ಕಳೇ, ನಿಮಗೂ ಒಂದು ಮಾತು. ಎರಡು ಸಲ ಸರಿಯಾದ ಪದ ಕೊಟ್ಟ ಮೇಲೂ ಕೇಳಿದರೆ ಮೂರನೆಯ ಸಲ ಕೊಡಬೇಡಿ. ಬ್ರೌಸರನ್ನು ನೀವೇ ತೆರೆದು, ವಿಳಾಸ ನೀವೇ ಬರೆದು ಪರೀಕ್ಷಿಸಿ. ಮೊಬೈಲಿನಲ್ಲಿ ಹಳೆಯ ಪಾಸ್‌ವರ್ಡ್ ಉಳಿದಿದೆಯೇ ನೋಡಿ. ಕಂಡದ್ದನ್ನು ದಿನಾಂಕ, ಸಮಯ ಹಾಕಿ ಬರೆದು ಮೇಲಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪಾಸ್‌ವರ್ಡ್ ಕಳ್ಳರ ಕೈಸೇರಿದೆಯೆಂಬ ಅನುಮಾನ ಬಂದರೆ ಕೂಡಲೇ ಬದಲಿಸಿ, ಕಚೇರಿಗೆ ತಿಳಿಸಿ. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ.

ಆ ಹೆಣ್ಣುಮಗಳು ತನ್ನ ನೋಟಿಸಿಗೆ ಇವೆಲ್ಲವನ್ನೂ ಸೇರಿಸಿ ಎರಡು ಪುಟದ ಉತ್ತರ ಬರೆದಿದ್ದಾಳೆ. ಒಕ್ಕಣೆ ನಾನು ನೋಡಿಕೊಟ್ಟೆ. ತಿದ್ದುವಂಥದ್ದು ಹೆಚ್ಚೇನೂ ಇರಲಿಲ್ಲ.