ಮನಸ್ಸಿಗೂ ಬಿಡುವು ಬೇಕು



ಹೊಸೂರು, ತಳಿ, ದೆಂಕಣಿಕೋಟೆ ಭಾಗದ ತೋಟಗಳಲ್ಲಿ ದುಡಿದು ಮನೆಗೆ ಬರುವಾಗ ಮೈ ಮಾತ್ರವಲ್ಲ, ಮನಸ್ಸೂ ದಣಿದಿರುತ್ತದೆ. ಸಾಲದ ಕಂತು, ಮಕ್ಕಳ ಓದು, ನಾಳೆಯ ಕೆಲಸ ಎಲ್ಲವೂ ತಲೆಯಲ್ಲೇ ಇರುತ್ತವೆ. ಈ ಭಾರ ಇಳಿಸಲು ಕೆಲವರು ಬ್ರಾಂದಿ ಅಂಗಡಿಯ ದಾರಿ ಹಿಡಿಯುತ್ತಾರೆ. ಕುಡಿದರೆ ಬೇಗ ನಿದ್ದೆ ಹತ್ತೀತು. ಆದರೆ ನಡುರಾತ್ರಿ ಎಚ್ಚರವಾಗುತ್ತದೆ, ಕೂಲಿಯೂ ಕರಗಿರುತ್ತದೆ, ಮನೆಯಾಕೆಯ ಚಿಂತೆ ಇಮ್ಮಡಿಯಾಗಿರುತ್ತದೆ.

ಕಾಸು ಕೇಳದ ಅಭ್ಯಾಸಗಳಿವೆ. ಕೆಲಸದ ನಡುವೆ ಐದು ನಿಮಿಷ ನೆರಳಲ್ಲಿ ಕುಳಿತು ಉಸಿರನ್ನು ನಿಧಾನವಾಗಿ ಎಳೆದು, ಇನ್ನೂ ನಿಧಾನವಾಗಿ ಬಿಡೋಣ, ಎದೆಬಡಿತ ಶಾಂತವಾಗುತ್ತದೆ. ಬರಿಹೊಟ್ಟೆಯಲ್ಲಿ ಕೆಲಸಕ್ಕೆ ಹೊರಡದೆ ರಾಗಿ ಅಂಬಲಿಯನ್ನಾದರೂ ಕುಡಿಯೋಣ. ಸಂಜೆಯ ಮೇಲೆ ಕಾಫಿ, ಟೀ ಬಿಡೋಣ. ಮಲಗುವಾಗ ಫೋನನ್ನು ದೂರ ಇಡೋಣ. ಗಂಡಸರೂ ನೀರು ತಂದು, ಪಾತ್ರೆ ತೊಳೆದರೆ ಹೆಂಗಸರಿಗೂ ಅರ್ಧ ಗಂಟೆ ಕೂರಲು ಸಿಗುತ್ತದೆ.

ಆದರೆ ಇಷ್ಟೇ ಸಾಕೆನ್ನುವವರನ್ನು ನಾವು ಒಪ್ಪುವುದಿಲ್ಲ. ಕಾಫಿ, ಟೀ ತೋಟದವರಿಗೆ ವಾರಕ್ಕೊಂದು ದಿನದ ವಿಶ್ರಾಂತಿಯನ್ನು 1951ರ ತೋಟ ಕಾರ್ಮಿಕರ ಕಾಯ್ದೆಯೇ ಬರೆದಿಟ್ಟಿತು. ಸಬ್ಬತ್ತಿನ ಆಜ್ಞೆಯೂ ಒಡೆಯನಿಗೆ ಮಾತ್ರವಲ್ಲ, ಆಳುಗಳಿಗೂ ದನಗಳಿಗೂ ಬಿಡುವು ಇರಬೇಕೆನ್ನುತ್ತದೆ. ಬಿಡುವು ಕೇಳುವುದು ಸೋಮಾರಿತನವಲ್ಲ.

ವಾರಗಟ್ಟಲೆ ನಿದ್ದೆ ಬಾರದಿದ್ದರೆ ಮುಚ್ಚಿಡಬಾರದು. ಬದುಕೇ ಬೇಡವೆನಿಸಿದರೆ ಒಂದು ದಿನವೂ ತಡಮಾಡಬಾರದು. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್‌ನ ಸಂಖ್ಯೆ 14416. ಹಗಲೂ ರಾತ್ರಿಯೂ ಉಚಿತವಾಗಿ ಕನ್ನಡದಲ್ಲೋ ತಮಿಳಿನಲ್ಲೋ ಮಾತಾಡಬಹುದು. ಪಕ್ಕದ ಮನೆಯವರು ಮಾತು ಬಿಟ್ಟು ಕುಳಿತಿದ್ದರೆ, ಅವರು ಕರೆಯುವ ಮುಂಚೆಯೇ ನಾವು ಹೋಗಿ ವಿಚಾರಿಸೋಣ.